ಏಬಲ್, ಕೇಪಬಲ್, ಕಾಂಪಿಟೆಂಟ್: ಅರ್ಜಿಯಲ್ಲಿ ಯಾವ ‘ಸಮರ್ಥ’ ಬರೆಯಬೇಕು?

ತುಮಕೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅರ್ಜಿ, ಬಯೋಡೇಟಾ, ಅನುವಾದ ಬೆರಳಚ್ಚು ಮಾಡಿಕೊಡುವ ಸಣ್ಣ ಅಂಗಡಿ ನನ್ನದು. ಜೆರಾಕ್ಸ್ ಯಂತ್ರದ ಪಕ್ಕದಲ್ಲಿ ಒಂದು ಹಳೆಯ ಇಂಗ್ಲಿಷ್–ಕನ್ನಡ ನಿಘಂಟು ಇದೆ. ಅದರಲ್ಲಿ ‘ಎ’ ಮತ್ತು ‘ಸಿ’ ಅಕ್ಷರಗಳ ಪುಟಗಳೇ ಹೆಚ್ಚು ಕೊಳೆಯಾಗಿವೆ. ಕೆಲಸ ಕೇಳಿ ಬರೆಯುವ ಪತ್ರದಲ್ಲಿ “ನಾನು ಸಮರ್ಥ” ಎಂದು ಎಲ್ಲಾದರೂ ಒಂದು ಕಡೆ ಹೇಳಲೇಬೇಕು. ಆ ಒಂದು ಕನ್ನಡ ಪದದ ಜಾಗಕ್ಕೆ ಇಂಗ್ಲಿಷಿನಲ್ಲಿ ಅರ್ಧ ಡಜನ್ ಅಭ್ಯರ್ಥಿಗಳು ಸಾಲಾಗಿ ನಿಂತಿರುತ್ತಾರೆ.

ಕಳೆದ ವಾರ ಮೂವರು ಬಂದಿದ್ದರು. ಶಿರಾದ ಬಿ.ಕಾಂ. ಹುಡುಗಿ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಕಂಪನಿಯೊಂದಕ್ಕೆ ಲೆಕ್ಕಪತ್ರ ಸಹಾಯಕಿಯ ಹುದ್ದೆಗೆ ಬರೆಯುತ್ತಿದ್ದಳು. ಏಬಲ್ ಹಾಕಲೇ, ಕೇಪಬಲ್ ಹಾಕಲೇ ಎಂಬುದು ಅವಳ ಸಂಕಟ. ಮಧುಗಿರಿ ಕಡೆಯ ಐಟಿಐ ಫಿಟ್ಟರ್ ಹುಡುಗನಿಗೆ, ಕಾಂಪಿಟೆಂಟ್ ಎಂದು ಬರೆದರೆ ಅರ್ಜಿಗೆ ತೂಕ ಬರುತ್ತದೆ ಎಂದು ಯಾರೋ ಹೇಳಿಕೊಟ್ಟಿದ್ದರು. ಅಕ್ಕನ ಮನೆಗೆ ಬಂದಿದ್ದ ಚಿಂತಾಮಣಿಯ ನರ್ಸ್ ಒಬ್ಬರು ವಿದೇಶದ ಕೆಲಸಕ್ಕಾಗಿ ಇಂಗ್ಲಿಷ್ ಜ್ಞಾನ ಅಳೆಯುವ ಐಇಎಲ್‌ಟಿಎಸ್ ಪರೀಕ್ಷೆ ಬರೆದು 6 ಅಂಕ ಪಡೆದಿದ್ದರು. ಆ ಅಂಕದ ಅರ್ಥ ನೋಡಿದರೆ ಕಾಂಪಿಟೆಂಟ್ ಎಂದಿದೆ. ನಿಘಂಟು ನೋಡಿದರೆ ಸಮರ್ಥ ಎಂದಿದೆ. “ಸಮರ್ಥಳಾದ ಮೇಲೂ ಇನ್ನೂ ಹೆಚ್ಚು ಅಂಕ ತನ್ನಿ ಎನ್ನುತ್ತಾರಲ್ಲ?” ಎಂದು ಅವರು ಕೇಳಿದರು. ಮೂವರಿಗೂ ನಿಘಂಟು ಕೊಟ್ಟ ಉತ್ತರ ಒಂದೇ ಆಗಿದ್ದರಿಂದ ಮೂವರೂ ನನ್ನ ಬೆಂಚಿನ ಮೇಲೆ ಕುಳಿತಿದ್ದರು.

ಪದಗಳನ್ನು ತೂಗುವ ಮೊದಲು ತಕ್ಕಡಿಯನ್ನು ಸರಿಮಾಡಿಕೊಳ್ಳಬೇಕು. ಬಂದವರನ್ನು ನಾನು ಮೊದಲು ಕೇಳುವುದು ಕಾಲದ ಪ್ರಶ್ನೆ: ನೀವು ಹೇಳುತ್ತಿರುವ ಶಕ್ತಿ ಈ ಹೊತ್ತಿಗೆ ಕೈಯಲ್ಲಿದೆಯೇ, ಅಥವಾ ಅವಕಾಶ ಸಿಕ್ಕರೆ ಹೊರಗೆ ಬರುವಂಥದ್ದೇ? ಆಮೇಲೆ ಸಾಕ್ಷಿಯ ಪ್ರಶ್ನೆ: ಅದನ್ನು ನೀವಷ್ಟೇ ಹೇಳಿಕೊಳ್ಳುತ್ತಿದ್ದೀರೋ, ಒಂದು ಪರೀಕ್ಷೆಯೋ ಸಂಸ್ಥೆಯೋ ಕಾನೂನೋ ಒಪ್ಪಿದೆಯೋ? ಮಾತು ಮನುಷ್ಯನದೋ ಯಂತ್ರದ್ದೋ ಎಂಬುದು ಮೂರನೆಯದು. ಕೊನೆಯದು ವ್ಯಾಕರಣದ್ದು. ಇಂಗ್ಲಿಷಿನ ಈ ಒಂದೊಂದು ಪದಕ್ಕೂ ಒಂದೊಂದು ಬಾಲವಿದೆ, ಬಾಲ ತಪ್ಪಿದರೆ ಪದ ಎಷ್ಟೇ ಸುಂದರವಾಗಿದ್ದರೂ ಅರ್ಜಿ ಓದುವವರ ಹುಬ್ಬು ಮೇಲೇರುತ್ತದೆ. ಬಜೆಟ್ ಎಂಬುದು ಇಲ್ಲೂ ಉಂಟು, ಆದರೆ ಅದು ಹಣದ್ದಲ್ಲ, ಪುರಾವೆಯದು. ಕೆಲವು ಪದಗಳು ಅಗ್ಗ, ಯಾರು ಬೇಕಾದರೂ ಬರೆದುಕೊಳ್ಳಬಹುದು. ಕೆಲವು ದುಬಾರಿ, ಹಿಂದೆ ಪ್ರಮಾಣಪತ್ರ ಇಲ್ಲದಿದ್ದರೆ ಸಂದರ್ಶನದಲ್ಲಿ ಸಾಲಗಾರರಂತೆ ನಿಲ್ಲಬೇಕಾಗುತ್ತದೆ.

ಇಂಗ್ಲಿಷಿಗೆ ಹೋಗುವ ಮೊದಲು ನಮ್ಮ ಮನೆಯ ಸರಕನ್ನೇ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಸಾಮರ್ಥ್ಯದ ವಿಚಾರದಲ್ಲಿ ಕನ್ನಡ ಗುಣವಾಚಕಗಳನ್ನು ಅಷ್ಟಾಗಿ ದುಡಿಸುವುದಿಲ್ಲ, ಕ್ರಿಯಾಪದಗಳನ್ನು ದುಡಿಸುತ್ತದೆ. “ನನಗೆ ಈಜು ಬರುತ್ತದೆ” ಎಂದರೆ ವಿದ್ಯೆ ಕಲಿತು ಮೈಗೂಡಿದೆ ಎಂದು ಅರ್ಥ. “ಈಜಲು ಆಗುತ್ತದೆ” ಎಂದರೆ ಈ ಹೊತ್ತು, ಈ ಮೈಯಲ್ಲಿ, ಈ ನೀರಿನಲ್ಲಿ ಸಾಧ್ಯ ಎಂದು. ಈಜು ಬರುವವನಿಗೂ ಜ್ವರ ಬಂದ ದಿನ ಈಜಲಾಗುವುದಿಲ್ಲ. “ಈಜಬಲ್ಲೆ” ಎನ್ನುವುದರಲ್ಲಿ ಅರಿವು ಮತ್ತು ಆತ್ಮವಿಶ್ವಾಸ ಎರಡೂ ಸೇರಿವೆ. “ಈಜಲಾರೆ” ಎಂದಾಗ ಶಕ್ತಿ ಇಲ್ಲವೋ ಮನಸ್ಸಿಲ್ಲವೋ ಎಂಬುದನ್ನು ಕೇಳುವವರ ಊಹೆಗೇ ಬಿಡುತ್ತೇವೆ. ಇವೆಲ್ಲ ನಾವು ದಿನವೂ ತಪ್ಪಿಲ್ಲದೆ ಬಳಸುವ ಭೇದಗಳು. ಇಂಗ್ಲಿಷ್ ಅರ್ಜಿಗೆ ಕುಳಿತ ಕೂಡಲೇ ಇವನ್ನೆಲ್ಲ ಮರೆತು ‘ಸಮರ್ಥ’ ಎಂಬ ಒಂದೇ ಚೀಲಕ್ಕೆ ತುಂಬುತ್ತೇವೆ, ಗೊಂದಲ ಶುರುವಾಗುವುದು ಅಲ್ಲಿಂದ.

ಏಬಲ್ ಪದದಿಂದ ಹೊರಡೋಣ. ಇದು ಲ್ಯಾಟಿನ್ನಿನ ‘ಹ್ಯಾಬಿಲಿಸ್’ ಎಂಬುದರಿಂದ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದದ್ದು. ಮೂಲಾರ್ಥ ‘ಹಿಡಿಯಲು ಸುಲಭವಾದದ್ದು, ಕೈಗೆ ಒಗ್ಗುವಂಥದ್ದು’. ಕಲ್ಲಿನ ಉಪಕರಣಗಳ ಜೊತೆ ಸಿಕ್ಕ ಆದಿಮಾನವನೊಬ್ಬನಿಗೆ 1964ರಲ್ಲಿ ವಿಜ್ಞಾನಿಗಳು ‘ಹೋಮೋ ಹ್ಯಾಬಿಲಿಸ್’ ಎಂದು ಹೆಸರಿಟ್ಟಾಗ ಹೇಳಬಯಸಿದ್ದೂ ಇದನ್ನೇ: ಕೈಚಳಕದ ಮನುಷ್ಯ. ಕನ್ನಡದಲ್ಲಿ ನಾವೂ ಶಕ್ತಿಯನ್ನು ಕೈಯಲ್ಲೇ ಇಟ್ಟಿದ್ದೇವೆ. “ನನ್ನ ಕೈಲಾಗುತ್ತದೆ”, “ಕೈಲಾಗದವನು ಮೈ ಪರಚಿಕೊಂಡ” ಎಂಬ ಮಾತುಗಳನ್ನು ಯಾವ ಲ್ಯಾಟಿನ್ ಪಂಡಿತರೂ ನಮಗೆ ಕಲಿಸಲಿಲ್ಲ. ಕೋಲಾರ, ಚಿಂತಾಮಣಿ, ಬಾಗೇಪಲ್ಲಿಯ ಕಡೆ ಮನೆಯಲ್ಲಿ ತೆಲುಗು ಆಡುವವರು “ನಾ ಚೇತ ಕಾದು”, ಅಂದರೆ ನನ್ನ ಕೈಲಾಗದು, ಎನ್ನುತ್ತಾರೆ. ಅದರೊಳಗೂ ಕೈಯೇ ಇದೆ.

ಕೈ ಎಂದಾಗ ನಮ್ಮೂರಿನವರಿಗೆ ನೆನಪಾಗುವುದು ಕೈದಾಳ. ತುಮಕೂರಿನಿಂದ ಗೂಳೂರಿನ ದಾರಿಯಲ್ಲಿ ಸಿಗುವ ಆ ಊರಿನಲ್ಲಿ ಚೆನ್ನಕೇಶವನ ಗುಡಿ ಇದೆ, ಜೊತೆಗೆ ಒಂದು ಐತಿಹ್ಯವೂ ಇದೆ. ಬೇಲೂರಿನಲ್ಲಿ ಜಕಣಾಚಾರಿ ಕೆತ್ತಿದ ವಿಗ್ರಹದಲ್ಲಿ ದೋಷವಿದೆ ಎಂದು ಅಪರಿಚಿತ ಹುಡುಗನೊಬ್ಬ ಹೇಳಿದನಂತೆ. ಪರೀಕ್ಷಿಸಿದಾಗ ಕಲ್ಲಿನ ಒಳಗಿಂದ ಕಪ್ಪೆ ಹೊರಬಂತು. ದೋಷ ಕಂಡರೆ ಕೈ ಕತ್ತರಿಸಿಕೊಳ್ಳುತ್ತೇನೆ ಎಂದು ಆಡಿದ್ದ ಮಾತಿನಂತೆ ಜಕಣಾಚಾರಿ ತನ್ನ ಬಲಗೈಯನ್ನೇ ಕತ್ತರಿಸಿಕೊಂಡ. ಆ ಹುಡುಗ ತನ್ನ ಮಗ ಡಂಕಣಾಚಾರಿ ಎಂಬುದು ಆಮೇಲೆ ತಿಳಿಯಿತು. ತನ್ನ ಊರಾದ ಕ್ರೀಡಾಪುರದಲ್ಲಿ ಗುಡಿ ಕಟ್ಟಿದ ಮೇಲೆ ಕೈ ಮರಳಿ ಬಂತು, ಊರು ಕೈದಾಳವಾಯಿತು. ಕಥೆಯ ನಿಜ ಸುಳ್ಳು ಇತಿಹಾಸಕಾರರಿಗೆ ಸೇರಿದ್ದು, ನನಗೆ ಅದು ಪಾಠ ಹೇಳುವ ಹಲಗೆ. ಕೈ ಹೋದ ದಿನ ಜಕಣಾಚಾರಿ ಸ್ಕಿಲ್ಡ್ ಆಗಿಯೇ ಇದ್ದ, ಅವನ ವಿದ್ಯೆ ಎಲ್ಲಿಗೂ ಹೋಗಿರಲಿಲ್ಲ. ಆದರೆ ಆ ದಿನ ಅವನು ಕೆತ್ತಲು ಏಬಲ್ ಆಗಿರಲಿಲ್ಲ. ಕೈ ಮರಳಿದಾಗ ಮರಳಿದ್ದು ಏಬಲ್, ಸ್ಕಿಲ್ ಅಲ್ಲ.

ಹಾಗಾಗಿ ಏಬಲ್ ಎಂಬುದು ಈ ಹೊತ್ತಿನ ಪದ. ಬಾಲ ‘ಟು’, ಅದರ ಮುಂದೆ ಕ್ರಿಯಾಪದದ ಮೂಲರೂಪ. ನಾಳೆ ಸಂದರ್ಶನಕ್ಕೆ ಬರಲು ಆಗುತ್ತದೆ, ರಾತ್ರಿ ಪಾಳಿ ಮಾಡಲು ಆಗುತ್ತದೆ, ಒಂದನೇ ತಾರೀಖಿನಿಂದ ಸೇರಲು ಆಗುತ್ತದೆ: ಇವಕ್ಕೆಲ್ಲ ‘ಏಬಲ್ ಟು’ ಸಾಕು. ಪುರಾವೆ ಬೇಕಿಲ್ಲ, ಹೊಗಳಿಕೆಯೂ ಇಲ್ಲ. ವ್ಯಾಕರಣದ ಖರ್ಚೂ ಕಡಿಮೆ. ಬಜೆಟ್ ತೀರ ಸಣ್ಣದಿದ್ದವರಿಗೆ ನಾನು ಕೊಡುವುದು ಇದನ್ನೇ.

ಒಂದು ವಿಚಿತ್ರವನ್ನು ಮಾತ್ರ ಗಮನಿಸಬೇಕು. ಇದೇ ಪದ ನಾಮಪದದ ಮುಂದೆ ಹೋಗಿ ಕುಳಿತರೆ ಗತ್ತು ಬದಲಾಯಿಸುತ್ತದೆ. ‘ಏಬಲ್ ಟು ಕಮ್’ ಎಂದರೆ ಬರಲಾಗುತ್ತದೆ, ಅಷ್ಟೇ. ‘ಏಬಲ್ ಆಫೀಸರ್’ ಎಂದರೆ ಅದು ಪ್ರಶಂಸೆ, ಸ್ವಲ್ಪ ಹಳೆಯ ಕಾಲದ, ಗಂಭೀರವಾದ ಪ್ರಶಂಸೆ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ಆಡಳಿತಕ್ಕೆ ಆ ಏಬಲ್ ಒಪ್ಪುತ್ತದೆ. ಅವರನ್ನು ಕಾಂಪಿಟೆಂಟ್ ಎಂದು ಬರೆದು ನೋಡಿ, ಪಾಸಾಗುವಷ್ಟು ಅಂಕ ಕೊಟ್ಟು ಕೈತೊಳೆದುಕೊಂಡಂತೆ ಕೇಳಿಸುತ್ತದೆ. ಯಾಕೆ ಎಂಬುದಕ್ಕೆ ಮುಂದೆ ಬರುತ್ತೇನೆ. ಯಾರೂ ತಮ್ಮ ಅರ್ಜಿಯಲ್ಲಿ ತಮ್ಮನ್ನೇ ‘ಏಬಲ್ ಅಕೌಂಟೆಂಟ್’ ಎಂದು ಕರೆದುಕೊಳ್ಳಬಾರದು. ಆ ಸ್ಥಾನದಲ್ಲಿ ಅದನ್ನು ಬೇರೆಯವರೇ ಹೇಳಬೇಕು.

ಭೂತಕಾಲದಲ್ಲಿ ‘ಕುಡ್’ ಬರೆಯಬೇಕೋ ‘ವಾಸ್ ಏಬಲ್ ಟು’ ಬರೆಯಬೇಕೋ ಎಂದು ಮೇಷ್ಟ್ರುಗಳೂ ತಡವರಿಸುತ್ತಾರೆ. ಮಧುಗಿರಿಯ ಏಕಶಿಲಾ ಬೆಟ್ಟ ಇದಕ್ಕೆ ಒಳ್ಳೆಯ ಅಳತೆಗೋಲು. “ಹರೆಯದಲ್ಲಿ ನಾನು ಈ ಬೆಟ್ಟ ಹತ್ತಬಲ್ಲವನಾಗಿದ್ದೆ” ಎಂಬ ಸಾಮಾನ್ಯ ಶಕ್ತಿಯ ಮಾತಿಗೆ ‘ಕುಡ್’ ಸರಿ. “ನಿನ್ನೆ ಮಳೆ ಇದ್ದರೂ ತುದಿಯವರೆಗೆ ಹತ್ತಲು ಆಯಿತು” ಎಂದು ಒಂದು ದಿನದ ಒಂದು ಸಾಧನೆಯನ್ನು ಹೇಳುವಾಗ ‘ವಾಸ್ ಏಬಲ್ ಟು’ ಬೇಕು, ಅಲ್ಲಿ ‘ಕುಡ್’ ಹಾಕಿದರೆ ತಪ್ಪು. ಆಗಲಿಲ್ಲ ಎಂದು ಹೇಳುವಾಗ ಎರಡೂ ನಡೆಯುತ್ತವೆ. ಅರ್ಜಿಯಲ್ಲಿ ಹಿಂದಿನ ಕೆಲಸದ ಸಾಧನೆ ಬರೆಯುವವರು ‘ಕುಡ್’ ಬಳಸಿ ತಮ್ಮ ಸಾಧನೆಯನ್ನೇ ಮಸುಕಾಗಿಸಿಕೊಳ್ಳುವುದನ್ನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ.

ಕೇಪಬಲ್ ಪದದ ಬೇರು ಲ್ಯಾಟಿನ್ನಿನ ‘ಹಿಡಿ, ತೆಗೆದುಕೊ’ ಎಂಬ ಧಾತು. ಇಂಗ್ಲಿಷಿನಲ್ಲಿ ಅದಕ್ಕೆ ಹಿಂದೆ ‘ಒಳಗೆ ಹಿಡಿಸುವಷ್ಟು ಜಾಗವಿರುವ’ ಎಂಬ ಅರ್ಥವೂ ಇತ್ತು. ಈ ಕೊಡ ಎಷ್ಟು ನೀರು ಹಿಡಿಯುತ್ತದೆ ಎನ್ನುತ್ತೇವಲ್ಲ, ಆ ಹಿಡಿತ. ಕೆಪಾಸಿಟಿ ಎಂಬ ಪದವೂ ಇದರ ಒಡಹುಟ್ಟು. ಹಿಡಿಯುವ ಶಕ್ತಿ ಕೊಡ ಖಾಲಿ ಇದ್ದಾಗಲೂ ಇರುತ್ತದೆ.

ಪಾವಗಡದ ಸೌರ ಪಾರ್ಕನ್ನು ನೋಡಿದವರಿಗೆ ಇದನ್ನು ಎರಡು ಸಲ ಹೇಳಬೇಕಾಗಿಲ್ಲ. ತಿರುಮಣಿ, ವಳ್ಳೂರು ಸುತ್ತಿನ ಸುಮಾರು 13,000 ಎಕರೆಯಲ್ಲಿ ಹರಡಿದ ಆ ಫಲಕಗಳ ಸಾಮರ್ಥ್ಯ 2,050 ಮೆಗಾವ್ಯಾಟ್. ರಾತ್ರಿ ಹತ್ತು ಗಂಟೆಗೆ ಹೋಗಿ ನಿಂತರೂ ಅದರ ಸಾಮರ್ಥ್ಯ 2,050 ಮೆಗಾವ್ಯಾಟೇ, ಫಲಕದ ಮೇಲೆ ಬರೆದದ್ದು ಸೂರ್ಯ ಮುಳುಗಿದಾಗ ಅಳಿಸಿಹೋಗುವುದಿಲ್ಲ. ಆದರೆ ಆ ಹೊತ್ತಿನಲ್ಲಿ ಅವು ಒಂದು ದೀಪ ಹೊತ್ತಿಸಲೂ ಏಬಲ್ ಅಲ್ಲ. ಕೇಪಬಲ್ ಎಂದರೆ ಫಲಕ, ಏಬಲ್ ಎಂದರೆ ಬಿಸಿಲಿನಲ್ಲಿರುವ ಫಲಕ. ಶಿರಾದ ಹುಡುಗಿಗೆ ಇದನ್ನು ಹೇಳಿದಾಗ ಅವಳು ತಕ್ಷಣ, “ಹಾಗಾದರೆ ಕೆಲಸ ಸಿಗುವವರೆಗೆ ನಾನು ಕೇಪಬಲ್” ಎಂದಳು. ಅಷ್ಟು ಚುರುಕಾದವಳಿಗೆ ನನ್ನ ಅಂಗಡಿಯ ಅಗತ್ಯ ಇರಲಿಲ್ಲ ಎನಿಸಿತು.

ಯಂತ್ರಗಳ ವಿಚಾರದಲ್ಲಿ ಕೇಪಬಲ್ ಪದಕ್ಕೇ ಮೊದಲ ಸ್ಥಾನ. ಕೋಲಾರದ ಟೊಮೆಟೊ ವ್ಯಾಪಾರಿಯೊಬ್ಬರು ಹಣ್ಣು ವಿಂಗಡಿಸುವ ಯಂತ್ರದ ಕರಪತ್ರ ಬರೆಸಲು ಬಂದಿದ್ದರು. ಗಂಟೆಗೆ ಇಷ್ಟು ಕ್ರೇಟ್ ವಿಂಗಡಿಸಬಲ್ಲದು ಎನ್ನುವುದಕ್ಕೆ ಕೇಪಬಲ್ ಹೇಳಿ ಮಾಡಿಸಿದಂತಿದೆ. ಯಂತ್ರಕ್ಕೆ ಏಬಲ್ ಹಾಕಿದರೆ ಪೂರ್ತಿ ತಪ್ಪಲ್ಲ, ಆದರೆ ಅದು ಬೆಳಿಗ್ಗೆ ಎದ್ದು ಮುಖ ತೊಳೆದು ಕೆಲಸಕ್ಕೆ ಹೊರಟಂತೆ ಕೇಳಿಸುತ್ತದೆ. ಯಂತ್ರಕ್ಕೆ ಕಾಂಪಿಟೆಂಟ್ ಎನ್ನಬೇಡಿ.

ಕೇಪಬಲ್ ಪದದ ನಿಜವಾದ ಕಷ್ಟ ಅದರ ಬಾಲದಲ್ಲಿದೆ. ಅದು ‘ಕೇಪಬಲ್ ಆಫ್’, ಮುಂದೆ ಬರುವ ಕ್ರಿಯೆಗೆ ‘ಇಂಗ್’ ರೂಪ. ಕನ್ನಡದಲ್ಲಿ ನಾವು “ಮಾಡಲು ಸಮರ್ಥ” ಎನ್ನುವುದರಿಂದ ಆ ‘ಅಲು’ ನಮ್ಮನ್ನು ನೇರ ‘ಟು’ ಕಡೆಗೆ ಎಳೆದುಕೊಂಡು ಹೋಗುತ್ತದೆ. ನನ್ನ ಮೇಜಿಗೆ ಬರುವ ಕರಡುಗಳಲ್ಲಿ ನಾನು ಅತಿ ಹೆಚ್ಚು ತಿದ್ದುವ ತಪ್ಪು ‘ಕೇಪಬಲ್ ಟು’. ಬಾಲ ನೆನಪಿರುವುದಿಲ್ಲ ಎನ್ನುವವರು ಕೇಪಬಲ್ ಪದವನ್ನು ಒಂಟಿಯಾಗಿ ಬಳಸಿ ಬಚಾವಾಗಬಹುದು. ‘ಶಿ ಈಸ್ ವೆರಿ ಕೇಪಬಲ್’ ಎಂದರೆ ವಹಿಸಿದ ಕೆಲಸವನ್ನು ತಲೆಯ ಮೇಲೆ ಹೊತ್ತು ಮುಗಿಸುವವಳು ಎಂಬ ಬೆಚ್ಚಗಿನ, ಮನೆಮಾತಿನ ಹೊಗಳಿಕೆ. ಶಿಫಾರಸು ಪತ್ರ ಬರೆಯುವ ಉಪನ್ಯಾಸಕರಿಗೆ ನನ್ನ ಮೊದಲ ಸಲಹೆ ಈ ರೂಪ.

ಒಂದು ಎಚ್ಚರಿಕೆ. ‘ಆಫ್’ ಬಂದ ಕೂಡಲೇ ಈ ಪದಕ್ಕೆ ಒಳ್ಳೆಯದು ಕೆಟ್ಟದ್ದು ಎಂಬ ಭೇದ ಉಳಿಯುವುದಿಲ್ಲ. ಕೊಲೆಗೂ ಕೇಪಬಲ್, ಸುಳ್ಳಿಗೂ ಕೇಪಬಲ್. “ಅವನು ಏನು ಬೇಕಾದರೂ ಮಾಡಬಲ್ಲ” ಎಂಬ ಕನ್ನಡ ವಾಕ್ಯವನ್ನು ಬೀಗರ ಮುಂದೆ ಹೇಳುವ ಧ್ವನಿಯೇ ಬೇರೆ, ಪೊಲೀಸರ ಮುಂದೆ ಹೇಳುವ ಧ್ವನಿಯೇ ಬೇರೆ. ಹುಡುಗನೊಬ್ಬ ತನ್ನ ಬಯೋಡೇಟಾದಲ್ಲಿ ಹೆಮ್ಮೆಯಿಂದ ‘ಕೇಪಬಲ್ ಆಫ್ ಎನಿಥಿಂಗ್’ ಎಂದು ಬರೆದು ತಂದಿದ್ದ. ಆ ವಾಕ್ಯವನ್ನು ನೋಡಿದರೆ ಯಾರೂ ಅವನ ಕೈಗೆ ಗಲ್ಲಾಪೆಟ್ಟಿಗೆಯ ಬೀಗದ ಕೈ ಕೊಡುವುದಿಲ್ಲ.

ಕಾಂಪಿಟೆಂಟ್ ಪದದ ಜೊತೆ ನನಗೆ ಹಳೆಯ ಲೆಕ್ಕ ಬಾಕಿ ಇದೆ. ಅಂಗಡಿ ತೆರೆದ ಹೊಸತರಲ್ಲಿ ಒಂದು ಸಹಕಾರ ಸಂಘದ ನೋಟಿಸನ್ನು ಕನ್ನಡಕ್ಕೆ ತರುವಾಗ ಕಾಂಪಿಟೆಂಟ್ ಅಥಾರಿಟಿ ಎಂಬುದನ್ನು ‘ಸ್ಪರ್ಧಾತ್ಮಕ ಪ್ರಾಧಿಕಾರ’ ಎಂದು ಬರೆದಿದ್ದೆ. ಸ್ಪರ್ಧಾತ್ಮಕ ಪರೀಕ್ಷೆಗಳ ಅರ್ಜಿ ತುಂಬಿಸಿ ತುಂಬಿಸಿ ಕೈ ಆ ಕಡೆಗೇ ಹೋಗಿತ್ತು. ಸರ್ವಸದಸ್ಯರ ಸಭೆಯಲ್ಲಿ ಅದನ್ನು ಓದಿದಾಗ ಹಿರಿಯರೊಬ್ಬರು ಎದ್ದು, “ಸ್ಪರ್ಧೆ ಯಾವಾಗ, ಬಹುಮಾನ ಏನು?” ಎಂದು ಕೇಳಿದರಂತೆ. ಸರ್ಕಾರಿ ಆದೇಶಗಳಲ್ಲಿ ಇದಕ್ಕೆ ಸರಿಯಾದ ಕನ್ನಡ ‘ಸಕ್ಷಮ ಪ್ರಾಧಿಕಾರ’. ಎಷ್ಟೋ ವರ್ಷಗಳ ಮೇಲೆ ತಿಳಿದ ಸಮಾಧಾನದ ವಿಷಯವೆಂದರೆ ಕಾಂಪಿಟೆಂಟ್ ಮತ್ತು ‘ಸ್ಪರ್ಧಾತ್ಮಕ’ ಎಂಬರ್ಥದ ಕಾಂಪಿಟಿಟಿವ್ ಎರಡು ಪದಗಳೂ ಒಂದೇ ಲ್ಯಾಟಿನ್ ತಾಯಿಯ ಮಕ್ಕಳು. ಒಟ್ಟಿಗೆ ಸೇರುವುದು ಎಂಬ ಅರ್ಥದಿಂದ ಒಬ್ಬ ಮಗ ಪೈಪೋಟಿಯ ಕಡೆ ಹೋದ, ಇನ್ನೊಬ್ಬ ‘ಹೊಂದಿಕೆಯಾಗುವುದು, ತಕ್ಕುದಾಗಿರುವುದು’ ಎಂಬ ಕಡೆ ಬಂದ. ಸಭೆಯಲ್ಲಿ ನಕ್ಕವರಿಗೆ ಈ ವಿವರಣೆ ಕೊಡುವ ಅವಕಾಶ ನನಗೆ ಸಿಗಲಿಲ್ಲ.

ತಕ್ಕುದಾಗಿರುವುದು ಎಂದರೆ ಒಂದು ಅಳತೆಗೆ ತಕ್ಕುದಾಗಿರುವುದು. ಕಾಂಪಿಟೆಂಟ್ ಎಂದ ಕೂಡಲೇ “ಯಾವುದಕ್ಕೆ, ಯಾರು ಹೇಳಿದರು?” ಎಂದು ಕೇಳಬೇಕು. ಕಾನೂನಿನಲ್ಲಿ ಇದು ಅತ್ಯಂತ ಗಟ್ಟಿಯಾದ ಪದ. 1872ರ ಭಾರತೀಯ ಕರಾರು ಕಾಯ್ದೆಯ 11ನೇ ಕಲಮಿನ ಪ್ರಕಾರ ಪ್ರಾಪ್ತ ವಯಸ್ಸಿನವನು, ಸ್ವಸ್ಥ ಮನಸ್ಸಿನವನು, ತನಗೆ ಅನ್ವಯಿಸುವ ಯಾವ ಕಾನೂನಿನಿಂದಲೂ ಅನರ್ಹನಾಗದವನು ಮಾತ್ರ ಕರಾರು ಮಾಡಲು ಕಾಂಪಿಟೆಂಟ್. ಕೋಲಾರದ ಮಾರುಕಟ್ಟೆಯಲ್ಲಿ ಅಪ್ಪನ ಜೊತೆ ಬೆಳಗಿನ ಜಾವ ನಿಲ್ಲುವ ಹದಿನೇಳರ ಹುಡುಗ ಕಣ್ಣಳತೆಯಲ್ಲೇ ಟೊಮೆಟೊ ಲಾಟಿನ ಬೆಲೆ ಕಟ್ಟಬಲ್ಲ, ದಲ್ಲಾಳಿಯ ಜೊತೆ ಚೌಕಾಸಿ ಮಾಡಬಲ್ಲ. ಅವನು ನೂರಕ್ಕೆ ನೂರು ಕೇಪಬಲ್. ಆದರೆ ಕರಾರಿಗೆ ಸಹಿ ಹಾಕಲು ಕಾಂಪಿಟೆಂಟ್ ಅಲ್ಲ. ಪಕ್ಕದಲ್ಲಿ ಆಕಳಿಸುತ್ತ ಕುಳಿತ, ವ್ಯಾಪಾರದ ಗಂಧವೇ ಇಲ್ಲದ ಇಪ್ಪತ್ತೈದರ ಅಣ್ಣ ಕಾಂಪಿಟೆಂಟ್. ಇನ್ನೂ ಸ್ವಾರಸ್ಯದ ಮಾತೆಂದರೆ, ಅದೇ 1872ರ ಸಾಕ್ಷ್ಯ ಕಾಯ್ದೆಯಲ್ಲಿ, ಅದರ ಜಾಗಕ್ಕೆ 2024ರಲ್ಲಿ ಜಾರಿಗೆ ಬಂದ ಹೊಸ ಕಾಯ್ದೆಯಲ್ಲೂ, ಪ್ರಶ್ನೆಯನ್ನು ಅರ್ಥಮಾಡಿಕೊಂಡು ಸರಿಯಾಗಿ ಉತ್ತರಿಸುವಷ್ಟು ತಿಳಿವಳಿಕೆ ಇದ್ದರೆ ಚಿಕ್ಕ ಮಗುವೂ ಕಾಂಪಿಟೆಂಟ್ ಸಾಕ್ಷಿಯಾಗಬಹುದು. ಒಂದೇ ಮಗು ಒಂದು ಕಾಯ್ದೆಗೆ ಸಕ್ಷಮ, ಇನ್ನೊಂದಕ್ಕೆ ಅಲ್ಲ.

ಇದೇ ಪದ ನ್ಯಾಯಾಲಯದಿಂದ ಹೊರಬಂದು ಹೊಗಳಿಕೆಯ ಬೀದಿಗೆ ಇಳಿದರೆ ಸೊರಗುತ್ತದೆ. ಅಳತೆ ಮುಟ್ಟಿದೆ ಎಂದರೆ ಅಳತೆಯನ್ನು ದಾಟಿಲ್ಲ ಎಂದೂ ಆಗುತ್ತದಲ್ಲ. ಅಡುಗೆ ಹೇಗಿತ್ತು ಎಂದು ಕೇಳಿದಾಗ “ಪರವಾಗಿಲ್ಲ” ಎಂದರೆ ಅಡುಗೆ ಮಾಡಿದವರಿಗೆ ಏನು ಕೇಳಿಸುತ್ತದೋ, ‘ಕಾಂಪಿಟೆಂಟ್ ಟೀಚರ್’ ಎಂಬ ಶಿಫಾರಸಿನಲ್ಲಿ ಅದೇ ಕೇಳಿಸುತ್ತದೆ. ಚಿಂತಾಮಣಿಯ ನರ್ಸ್ ಅವರ ಗೊಂದಲಕ್ಕೂ ಇಲ್ಲೇ ಉತ್ತರ. ಐಇಎಲ್‌ಟಿಎಸ್ ಅಂಕಪಟ್ಟಿಯಲ್ಲಿ 9 ಎಂದರೆ ಎಕ್ಸ್‌ಪರ್ಟ್, 8 ವೆರಿ ಗುಡ್, 7 ಗುಡ್, 6 ಕಾಂಪಿಟೆಂಟ್, 5 ಮಾಡೆಸ್ಟ್. ಗುಡ್ ಎಂಬುದಕ್ಕಿಂತ ಕಾಂಪಿಟೆಂಟ್ ಒಂದು ಮೆಟ್ಟಿಲು ಕೆಳಗೆ. ನಮ್ಮ ‘ಸಮರ್ಥ’ ಪದಕ್ಕೆ ಇರುವ ಎತ್ತರ ಅದಕ್ಕಿಲ್ಲ. ‘ಕೆಲಸ ನಡೆಯುವಷ್ಟು ಬರುತ್ತದೆ’ ಎಂದು ಅನುವಾದಿಸಿಕೊಳ್ಳಿ ಎಂದೆ. ಅವರಿಗೆ ಬೇಸರವಾಯಿತು, ಆದರೆ ಮುಂದಿನ ಸಲ ಎಷ್ಟು ಏರಬೇಕು ಎಂಬುದು ಸ್ಪಷ್ಟವಾಯಿತು.

ಫಿಟ್ಟರ್ ಹುಡುಗನಿಗೂ ಕಾಂಪಿಟೆಂಟ್ ಬೇಡ ಎಂದೆ. ಅವನ ಬಳಿ ಅದಕ್ಕಿಂತ ಒಳ್ಳೆಯ ಸರಕಿತ್ತು.

ಸ್ಕಿಲ್ಡ್ ಎಂಬುದು ಕಲಿತ ಕೈಯ ಪದ. ಎರಡು ವರ್ಷದ ಫಿಟ್ಟರ್ ತರಬೇತಿ, ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ ಎರಡೂ ಇರುವವನು ಅದನ್ನು ಧೈರ್ಯವಾಗಿ ಬರೆಯಬಹುದು. ಕನಿಷ್ಠ ಕೂಲಿಯ ಅಧಿಸೂಚನೆಗಳಲ್ಲಿ ಕುಶಲ, ಅರೆಕುಶಲ, ಅಕುಶಲ ಎಂಬ ವರ್ಗಗಳಿರುವುದರಿಂದ ಇದು ಬರೀ ವಿಶೇಷಣವಲ್ಲ, ತಿಂಗಳ ಕೊನೆಗೆ ಕೈಗೆ ಬರುವ ಮೊತ್ತವನ್ನು ಬದಲಿಸುವ ಪದ. ಬಾಲ ‘ಇನ್’ ಅಥವಾ ‘ಎಟ್’, ಅದರ ಮುಂದೆ ಕೆಲಸದ ಹೆಸರು.

ಆದರೆ ಕಾಗದದ ಸ್ಕಿಲ್ಡ್ ಬೇರೆ, ಕಣ್ಣಿಗೆ ಕಾಣುವ ಸ್ಕಿಲ್‌ಫುಲ್ ಬೇರೆ. ಮೊದಲನೆಯದು ವರ್ಗ, ಎರಡನೆಯದು ಮಾಡುವ ರೀತಿ. ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಮನೆಗಳಿಗೆ ಹೋದರೆ ಇದು ಕಾಣುತ್ತದೆ. ಬಿಸಿನೀರಿನಲ್ಲಿ ತೇಲುವ ಗೂಡಿನಿಂದ ಎಳೆಯ ತುದಿಯನ್ನು ಬೆರಳ ತುದಿಯಲ್ಲಿ ಹುಡುಕಿ ಹಿಡಿಯುವ ಹೆಂಗಸಿನ ಕೈ ನೋಡಿ. ಒಂದು ಗೂಡಿನಲ್ಲಿ ನೂರಾರು ಮೀಟರ್ ಎಳೆ ಇರುತ್ತದೆ, ತುದಿ ತಪ್ಪಿದರೆ ಸರಕು ಕಸ. ಆಕೆಯ ಬಳಿ ಪ್ರಮಾಣಪತ್ರ ಇರಲಿಕ್ಕಿಲ್ಲ, ಸ್ಕಿಲ್‌ಫುಲ್ ಅಲ್ಲ ಎನ್ನುವ ಧೈರ್ಯ ಯಾರಿಗೂ ಬರಲಾರದು. 2005ರ ಉದ್ಯೋಗ ಖಾತರಿ ಕಾಯ್ದೆ ‘ಅಕುಶಲ ದೈಹಿಕ ಕೆಲಸ’ ಎಂಬ ಮಾತನ್ನು ಬಳಸಿತು. ಕೆರೆ ಏರಿಗೆ ಮಣ್ಣು ಹಾಕುವವರು, ಬದು ಕಟ್ಟುವವರೆಲ್ಲ ಆ ಪದದ ಕೆಳಗೆ ಬಂದರು. ಬದು ನೀರಿಗೆ ನಿಲ್ಲುವಂತೆ ಕಟ್ಟುವುದು ಅಕುಶಲ ಕೆಲಸ ಎನ್ನುವವರು ಒಮ್ಮೆ ಕಟ್ಟಿ ನೋಡಬೇಕು. ಕಾಯ್ದೆಯ ಭಾಷೆಗೂ ಕೈಯ ಭಾಷೆಗೂ ಇರುವ ಈ ಅಂತರವನ್ನು ಅರ್ಜಿ ಬರೆಯುವವನು ತುಂಬಲಾರ. ಪ್ರಮಾಣಪತ್ರ ಇಲ್ಲದವರಿಗೆ ನಾನು ‘ಎಕ್ಸ್‌ಪೀರಿಯೆನ್ಸ್‌ಡ್’ ಬರೆದು ವರ್ಷಗಳ ಲೆಕ್ಕ ಕೊಡುತ್ತೇನೆ.

ಪ್ರೊಫಿಶಿಯೆಂಟ್ ಪದ ಭಾಷೆ, ಕಂಪ್ಯೂಟರ್, ವಾದ್ಯ ಇಂಥವಕ್ಕೆ. ‘ಮುಂದುವರಿದ’ ಎಂಬುದು ಅದರ ಮೂಲಾರ್ಥ, ಕನ್ನಡದಲ್ಲಿ ‘ಪರಿಣತ’ ಹತ್ತಿರ. ಯುರೋಪಿನ ಭಾಷಾ ಮಟ್ಟಗಳ ಚೌಕಟ್ಟಿನಲ್ಲಿ ಆರು ಮೆಟ್ಟಿಲುಗಳಿದ್ದು, ಕೊನೆಯ ಎರಡಾದ ಸಿ1, ಸಿ2 ತಲುಪಿದವರನ್ನಷ್ಟೇ ಪ್ರೊಫಿಶಿಯೆಂಟ್ ಎನ್ನುತ್ತಾರೆ. ಅಂದರೆ ದುಬಾರಿ ಪದ. ಟ್ಯಾಲಿಯಲ್ಲಿ ಮೂರು ತಿಂಗಳ ಕೋರ್ಸ್ ಮುಗಿಸಿದವರು ಅದನ್ನು ಬರೆದುಕೊಂಡರೆ ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಬೆವರುತ್ತಾರೆ.

ಎಫಿಶಿಯೆಂಟ್ ಎಂಬುದಕ್ಕೆ ನಮ್ಮ ಪತ್ರಿಕೆಗಳ ‘ದಕ್ಷ’ ಇದೆ. ಆದರೆ ‘ದಕ್ಷ ಅಧಿಕಾರಿ’ ಎಂದಾಗ ನಾವು ಖಡಕ್, ಪ್ರಾಮಾಣಿಕ ಎಂದೆಲ್ಲ ಸೇರಿಸಿಕೊಳ್ಳುತ್ತೇವೆ, ಇಂಗ್ಲಿಷಿನ ಪದ ಕೇಳುವುದು ಎಷ್ಟು ಕಡಿಮೆ ಸಮಯ, ಎಷ್ಟು ಕಡಿಮೆ ವಿದ್ಯುತ್ ಎಂಬುದನ್ನು ಮಾತ್ರ. ಪಂಪ್‌ಸೆಟ್ ಮೇಲಿನ ನಕ್ಷತ್ರದ ಚೀಟಿ ಹೇಳುವುದು ಅದನ್ನು. ಎಲಿಜಿಬಲ್ ಎಂದರೆ ನಿಯಮ ಅರ್ಜಿ ಹಾಕಲು ಬಿಡುತ್ತದೆ, ಕ್ವಾಲಿಫೈಡ್ ಎಂದರೆ ಕೈಯಲ್ಲಿ ಪದವಿ ಇದೆ. ಎರಡಕ್ಕೂ ನಾವು ಅರ್ಹ ಎನ್ನುತ್ತೇವೆ, ಜಾಹೀರಾತು ಓದುವಾಗ ಈ ಭೇದ ನೆನಪಿಟ್ಟುಕೊಂಡರೆ ಅರ್ಜಿ ಶುಲ್ಕ ಉಳಿಯುತ್ತದೆ. ಟ್ಯಾಲೆಂಟೆಡ್, ಗಿಫ್ಟೆಡ್ ಎಂಬುವನ್ನು ಸ್ವಂತ ಅರ್ಜಿಯಲ್ಲಿ ಬಳಸಿದವರಿಗೆ ನಾನು ಬೆರಳಚ್ಚಿನ ಶುಲ್ಕ ಹೆಚ್ಚು ತೆಗೆದುಕೊಳ್ಳಬೇಕೆಂದಿದ್ದೇನೆ.

ಅಂಗವೈಕಲ್ಯದ ವಿಚಾರದಲ್ಲಿ ಏಬಲ್ ಪದ ಬೇರೆಯದೇ ಭಾರ ಹೊರುತ್ತದೆ. ಪಿಂಚಣಿಗೋ ಮೀಸಲಾತಿಗೋ ಇಂಗ್ಲಿಷಿನಲ್ಲಿ ಬರೆಸಲು ಬಂದ ತಂದೆ ತಾಯಿ ‘ಡಿಫರೆಂಟ್ಲಿ ಏಬಲ್ಡ್’ ಬರೆಯಲೇ ‘ಸ್ಪೆಷಲಿ ಏಬಲ್ಡ್’ ಬರೆಯಲೇ ಎಂದು ಕೇಳುತ್ತಾರೆ. ಕನ್ನಡದಲ್ಲಿ ಅಂಗವಿಕಲ ಹೋಗಿ ವಿಕಲಚೇತನ ಬಂತು, ಈಗ ವಿಶೇಷ ಚೇತನ ಎಂಬುದೂ ಓಡಾಡುತ್ತಿದೆ. ಇಂಗ್ಲಿಷಿನ ಆ ಎರಡೂ ಮಾತುಗಳ ಹಿಂದೆ ಒಳ್ಳೆಯ ಮನಸ್ಸಿದೆ. ಆದರೆ 2006ರ ವಿಶ್ವಸಂಸ್ಥೆಯ ಒಡಂಬಡಿಕೆಯೂ ನಮ್ಮ 2016ರ ಕಾಯ್ದೆಯೂ ‘ಪರ್ಸನ್ಸ್ ವಿತ್ ಡಿಸಬಿಲಿಟೀಸ್’ ಎಂದೇ ಬರೆಯುತ್ತವೆ, ಹಕ್ಕಿನ ಹೋರಾಟದಲ್ಲಿರುವ ಅನೇಕರಿಗೂ ಸಕ್ಕರೆ ಲೇಪಿಸಿದ ಪದಗಳು ಹಿಡಿಸುವುದಿಲ್ಲ. ಅರ್ಜಿಯಲ್ಲಿ ಕಾಯ್ದೆಯ ಪದವನ್ನೇ ಬಳಸಿ, ಹಕ್ಕು ಇರುವುದು ಆ ಪದದ ಹೆಸರಿನಲ್ಲಿ.

ಇಷ್ಟಾದ ಮೇಲೆ ಶಿರಾದ ಹುಡುಗಿಯ ಪತ್ರ ಹೇಗಾಯಿತು ಎಂದರೆ, ಒಂದನೇ ತಾರೀಖಿನಿಂದ ಸೇರಲು ‘ಏಬಲ್ ಟು’. ತಿಂಗಳ ಲೆಕ್ಕವನ್ನು ಒಬ್ಬಳೇ ನಿಭಾಯಿಸಲು ‘ಕೇಪಬಲ್ ಆಫ್’, ಅದರ ಕೆಳಗೆ ಚಿಕ್ಕಪ್ಪನ ಬೀಜ ಗೊಬ್ಬರದ ಅಂಗಡಿಯಲ್ಲಿ ಎರಡು ವರ್ಷ ಜಿಎಸ್‌ಟಿ ಲೆಕ್ಕ ಬರೆದ ವಿವರ. ಕಾಂಪಿಟೆಂಟ್ ಎಲ್ಲಿಯೂ ಇಲ್ಲ. ಫಿಟ್ಟರ್ ಹುಡುಗನಿಗೆ ಸ್ಕಿಲ್ಡ್, ಪಕ್ಕದಲ್ಲಿ ಪ್ರಮಾಣಪತ್ರದ ಸಂಖ್ಯೆ. ಶಿಫಾರಸು ಬರೆಸಲು ಬರುವ ಉಪನ್ಯಾಸಕರು ನಾಮಪದದ ಮುಂದಿನ ಏಬಲ್ ಮತ್ತು ಒಂಟಿ ಕೇಪಬಲ್ ನಡುವೆ ಆರಿಸಿಕೊಳ್ಳಲಿ. ವಿದ್ಯಾರ್ಥಿ ನಿಮ್ಮ ಕಣ್ಣೆದುರು ಕೆಲಸ ಮಾಡಿದ್ದರೆ ಎರಡನೆಯದು, ನೀವು ಹಿರಿಯ ಹುದ್ದೆಗೆ ಹೆಸರು ಸೂಚಿಸುತ್ತಿದ್ದರೆ ಮೊದಲನೆಯದು.

ಇಲ್ಲ ಎಂದು ಹೇಳುವ ಪದಗಳು ಉಳಿದವು. ಇವುಗಳಲ್ಲಿ ಆಯ್ಕೆ ತಪ್ಪಿದರೆ ನೋವು ಹೆಚ್ಚು. ಅನೇಬಲ್ ಎಂದರೆ ಈ ಸಲ ಆಗುತ್ತಿಲ್ಲ, ಅದರಲ್ಲಿ ಯಾರ ಮರ್ಯಾದೆಯೂ ಹೋಗುವುದಿಲ್ಲ. ಇನ್‌ಕಾಂಪಿಟೆಂಟ್ ಎಂದರೆ ಈ ಹುದ್ದೆಗೆ ನಾಲಾಯಕ್ಕು, ಇನ್ನೊಬ್ಬರ ಬಗ್ಗೆ ಲಿಖಿತವಾಗಿ ಬರೆಯುವ ಮೊದಲು ವಕೀಲರನ್ನು ಕೇಳಬೇಕಾದ ಪದ. ಇನ್‌ಕೇಪಬಲ್ ಎಂದರೆ ಆ ಶಕ್ತಿ ಸ್ವಭಾವದಲ್ಲೇ ಇಲ್ಲ, ಕೊಡಕ್ಕೆ ತಳವೇ ಇಲ್ಲ ಎಂದಂತೆ. ಸುಳ್ಳು ಹೇಳಲು ಇನ್‌ಕೇಪಬಲ್ ಎಂದಾಗ ಮಾತ್ರ ಅದು ಹೊಗಳಿಕೆ.

ಒಂಬತ್ತನೇ ತರಗತಿಯಲ್ಲಿದ್ದಾಗ ನನಗೆ ಈ ಭೇದ ತಿಳಿದಿರಲಿಲ್ಲ. ಜ್ವರ ಬಂದು ಮಲಗಿದ್ದೆ. ರಜಾ ಅರ್ಜಿಯನ್ನು ಇಂಗ್ಲಿಷಿನಲ್ಲೇ ಬರೆಯಬೇಕೆಂದು ಹಟ ಹಿಡಿದು, ದೊಡ್ಡ ಪದ ಹಾಕಿದರೆ ಮೇಷ್ಟ್ರು ಮೆಚ್ಚುತ್ತಾರೆಂದು, ಮೂರು ದಿನ ತರಗತಿಗೆ ಬರಲು ನಾನು ಇನ್‌ಕೇಪಬಲ್ ಎಂದು ಬರೆದು ತಮ್ಮನ ಕೈಯಲ್ಲಿ ಕಳಿಸಿದ್ದೆ. ಸಂಜೆ ಆ ಹಾಳೆ ವಾಪಸು ಬಂತು. ಮೇಷ್ಟ್ರು ಆ ಪದದ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಪಕ್ಕದಲ್ಲಿ “ಒಪ್ಪಿದೆ” ಎಂದು ಬರೆದು ಸಹಿ ಹಾಕಿದ್ದರು.